ಬೀರು ಕೊಳ್ಳುವ ಮುಂಚೆ ಬಾಗಿಲು ಅಳೆಯಿರಿ

ಇನ್ನೊಬ್ಬರ ಮನೆಯ ಅಟ್ಟದಲ್ಲಿ ಏನಿದೆ ಎಂದು ಇಣುಕುವ ಚಪಲ ಯಾರಿಗಿಲ್ಲ ಹೇಳಿ? ಗೃಹಪ್ರವೇಶಕ್ಕೆ ಹೋದವರು ದೇವರಿಗೊಂದು ಕೈ ಮುಗಿದು ನೆಟ್ಟಗೆ ಸ್ಟೋರ್ ರೂಮಿನತ್ತ ನಡೆಯುವುದು ವಾಸ್ತು ನೋಡಲಿಕ್ಕೆ ಅಂದರೆ ನಾನಂತೂ ನಂಬುವವನಲ್ಲ. ನಮ್ಮಲ್ಲಿ ಈ ಚಪಲಕ್ಕೆ ನೆಪ ಬೇಕು. ಅರಿಶಿನ ಕುಂಕುಮಕ್ಕೆ ಕರೆದಿದ್ದರು, ಗೊಂಬೆ ಕೂರಿಸಿದ್ದಾರಂತೆ, ಮಗುವನ್ನು ನೋಡಿರಲಿಲ್ಲ. ಅಮೆರಿಕದವರು ನೆಪದ ಗೋಜೇ ಇಟ್ಟುಕೊಂಡಿಲ್ಲ. ಅಲ್ಲಿ ಮನೆಯ ಅಜ್ಜಿ ತೀರಿಕೊಂಡರೆ ಮಕ್ಕಳು ಬಂದು ತಮಗೆ ಬೇಕಾದ್ದನ್ನು ಎತ್ತಿಕೊಂಡು, ಮಿಕ್ಕಿದ್ದಕ್ಕೆಲ್ಲ ಬೆಲೆಚೀಟಿ ಅಂಟಿಸಿ, ವಾರದ ಕೊನೆಗೆ ಮುಂಬಾಗಿಲು ತೆರೆದಿಡುತ್ತಾರೆ. ಎಸ್ಟೇಟ್ ಸೇಲ್ ಎಂದು ಬೋರ್ಡು. ಊರವರು ಸಾಲುಗಟ್ಟಿ ಒಳಗೆ ಹೋಗಿ, ಅಜ್ಜಿಯ ಚಮಚದಿಂದ ಹಿಡಿದು ಚಳಿಗಾಲದ ಕೋಟಿನವರೆಗೆ ಎಲ್ಲವನ್ನೂ ಮುಟ್ಟಿ ನೋಡಬಹುದು. ಯಾರೂ ಏನೂ ಅಂದುಕೊಳ್ಳುವುದಿಲ್ಲ.

ನನ್ನ ಅಕ್ಕನ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಸೆಕೆಂಡ್ ಹ್ಯಾಂಡ್ ಪಠ್ಯಪುಸ್ತಕ ಕೊಡಿಸಿದರೆಂದು ಊಟ ಬಿಟ್ಟು ಕೂತ ಹುಡುಗಿ ಅದು. ಈಗ ಶನಿವಾರ ಬೆಳಗ್ಗೆ ಎದ್ದು, ಕಂಡು ಕೇಳದ ಮುದುಕಿಯ ಮನೆ ಮುಂದೆ ನಂಬರ್ ಚೀಟಿ ಹಿಡಿದು ನಿಲ್ಲುತ್ತಾಳೆ. ಫೋನಿನಲ್ಲಿ ನನಗೆ ಪಾಠ ಬೇರೆ. "ಮಾಮಾ, ಬೇಗ ಹೋದ್ರೆ ಒಳ್ಳೇದು ಸಿಗುತ್ತೆ, ತಡವಾಗಿ ಹೋದ್ರೆ ಅಗ್ಗಕ್ಕೆ ಸಿಗುತ್ತೆ. ಒಳ್ಳೇದೂ ಬೇಕು, ಅಗ್ಗಾನೂ ಆಗಬೇಕು ಅಂದ್ರೆ ಯಾವ ಊರಲ್ಲೂ ನಡೆಯಲ್ಲ." ಮೊದಲ ದಿನ ಚೀಟಿಯಲ್ಲಿದ್ದ ಬೆಲೆ, ಕೊನೆಯ ದಿನ ಸಾಮಾನ್ಯವಾಗಿ ಅರ್ಧ. ಹಾಲಿನಲ್ಲಿ ಜೋಡಿಸಿಟ್ಟ ಪಿಂಗಾಣಿಗೆ ಮರುಳಾಗಬಾರದು, ಅದನ್ನು ವ್ಯಾಪಾರಿಗಳು ಆಗಲೇ ಕಣ್ಣಲ್ಲಿ ತೂಗಿರುತ್ತಾರೆ. ನೆಟ್ಟಗೆ ಅಡುಗೆಮನೆಗೆ, ಅಲ್ಲಿಂದ ಗ್ಯಾರೇಜಿಗೆ. ಹೀಗೆ ನುಗ್ಗಿ ಅವಳು ಗೆದ್ದು ತಂದದ್ದು ಏನು ಗೊತ್ತೆ? ಒಂದು ಬೀಡಿನ ಬಾಣಲೆ. "ದೋಸೆ ಎಷ್ಟು ಚೆನ್ನಾಗಿ ಏಳುತ್ತೆ ಅಂತೀಯ ಮಾಮಾ!" ಅಂದಳು. ಏಳದೆ ಏನು? ಅವಳಜ್ಜಿ, ಅಂದರೆ ನಮ್ಮಮ್ಮ, ನಾಲ್ಕು ಮಕ್ಕಳನ್ನು ಸಾಕಿದ ಕಾವಲಿಯಲ್ಲೂ ಏಳುತ್ತಿತ್ತು. ನಾನ್‌ಸ್ಟಿಕ್ ಬಂದ ಕಾಲಕ್ಕೆ ಅದು ಗುಜರಿಯವನ ತಕ್ಕಡಿ ಹತ್ತಿತು. ಹತ್ತಿಸಿದವಳು ಇವಳಮ್ಮನೇ. ಇದನ್ನು ಫೋನಿನಲ್ಲಿ ಹೇಳಿ ಅಕ್ಕನ ಮನೆಯಲ್ಲಿ ಜಗಳ ಹಚ್ಚುವುದು ಬೇಡವೆಂದು ಸುಮ್ಮನಾದೆ.

ನಮ್ಮಲ್ಲಿ ಇಂಥ ಮಾರಾಟ ಇಲ್ಲ ಎಂದುಕೊಂಡಿರಾ? ಸತ್ತವರ ಮನೆಯಲ್ಲಿ ಹದಿಮೂರು ದಿನ ಒಂದು ಲೋಟ ನೀರು ಕುಡಿಯಲಿಕ್ಕೂ ಹಿಂದೆ ಮುಂದೆ ನೋಡುವ ಜನ ನಾವು, ಅವರ ಮಂಚ ಕೊಂಡು ಮಲಗುತ್ತೇವೆಯೇ ಎಂದು ಮಡಿವಂತರು ಮೂಗು ಮುರಿಯಬಹುದು. ಶಯ್ಯಾದಾನ ಎಂಬುದೊಂದಿದೆಯಲ್ಲ, ಅದೇನು ಮತ್ತೆ? ಹೋದವರ ಹೆಸರಿನಲ್ಲಿ ಮಂಚ, ಹಾಸಿಗೆ, ದಿಂಬು, ಕೊಡೆ, ಚಪ್ಪಲಿ, ಚೊಂಬು, ದೀಪ ದಾನ ಕೊಡುತ್ತಾರೆ. ಪಡೆದ ಪುರೋಹಿತರ ಮನೆಯಲ್ಲಿ ಎಷ್ಟು ಮಂಚ ಹಿಡಿದಾವು? ವರ್ಷಕ್ಕೆ ಅಷ್ಟು ಕೊಡೆ ಹಿಡಿಯಲು ಅವರಿಗೇನು ಹತ್ತು ಕೈ ಇವೆಯೇ? ಹಾಗಾಗಿ ಎಷ್ಟೋ ಕಡೆ ಬೆಳಗ್ಗೆ ದಾನ ಹೋದ ಕೊಡೆ ಸಂಜೆಗೆ ಗ್ರಂದಿಗೆ ಅಂಗಡಿಗೆ ವಾಪಸು ಬಂದು, ಮುಂದಿನ ವಾರ ಇನ್ಯಾರನ್ನೋ ವೈತರಣಿ ದಾಟಿಸುತ್ತದೆ. ಒಂದೇ ಕೊಡೆ ಎಷ್ಟು ಜನರನ್ನು ಸ್ವರ್ಗದ ಬಾಗಿಲವರೆಗೆ ಬಿಟ್ಟು ಬಂದಿದೆಯೋ ಲೆಕ್ಕ ಇಟ್ಟವರಿಲ್ಲ. ಇನ್ನು ಮೇಲೆ ಕೊಡೆ ಕೊಳ್ಳುವಾಗ ಮಡಿಕೆಯ ಧೂಳು ನೋಡಿ ಅಂತ ಹೇಳಿದೆ ಅಷ್ಟೆ, ತಪ್ಪು ತಿಳಿಯಬೇಡಿ.

ಈಗ ವಿಶಾಖಪಟ್ಟಣಕ್ಕೆ ಬರೋಣ. ನಾನು ಕೆಲಸಕ್ಕಿದ್ದ ಬ್ಯಾಂಕಿನವರು ನನ್ನನ್ನು ಅಲ್ಲಿಗೆ ಎಸೆದರು. ಮಲೆನಾಡಿನಲ್ಲಿ ಹುಟ್ಟಿದವನಿಗೆ ಸಮುದ್ರ ಸಿಕ್ಕಿದ್ದು ಸಂತೋಷ, ತೆಲುಗು ಬಾರದ್ದು ಸಂಕಟ. ಆದರೆ ಅಂಥ ಊರಿನಲ್ಲಿ ಸಂಸಾರ ಹೂಡುವುದು ಬಹಳ ಸುಲಭ. ಯಾಕೆಂದರೆ ಆ ಊರಿನಲ್ಲಿ ಯಾರೋ ಒಬ್ಬರು ಯಾವಾಗಲೂ ಗಂಟುಮೂಟೆ ಕಟ್ಟುತ್ತಿರುತ್ತಾರೆ. ಪೂರ್ವ ನೌಕಾ ಕಮಾಂಡಿನ ಕೇಂದ್ರ ಅಲ್ಲೇ ಇದೆ, ಬಂದರು ಇದೆ, ಹಡಗು ಕಟ್ಟುವ ಹಿಂದುಸ್ತಾನ್ ಶಿಪ್‌ಯಾರ್ಡ್ ಇದೆ, ರೈಲ್ವೆ ಇದೆ, ಉಕ್ಕಿನ ಕಾರ್ಖಾನೆ ಮತ್ತು ಅದರ ನೌಕರರಿಗೆಂದೇ ಕಟ್ಟಿದ ಉಕ್ಕುನಗರಂ ಇದೆ. ನೌಕಾಪಡೆಯವನಿಗೆ ಕೊಚ್ಚಿಗೋ ಮುಂಬೈಗೋ ವರ್ಗ, ಕಾರ್ಖಾನೆಯವನಿಗೆ ನಿವೃತ್ತಿ, ಕ್ವಾರ್ಟರ್ಸ್ ಖಾಲಿ ಮಾಡು ಎಂಬ ಕಾಗದ. ಸತ್ತವರ ಸಾಮಾನಲ್ಲ ಇದು, ಹೊರಟವರ ಸಾಮಾನು. ಕೊಳ್ಳುವವನಿಗೆ ಇದರಲ್ಲಿ ಒಂದು ಅನುಕೂಲ ಇದೆ: ಸತ್ತವರ ಮಕ್ಕಳಿಗೆ ತಡೆದು ಮಾರುವ ವ್ಯವಧಾನ ಇರಬಹುದು, ಲಾರಿ ಬುಕ್ ಮಾಡಿದವನಿಗೆ ಇರುವುದಿಲ್ಲ. ಫ್ರಿಜ್ಜಿಗೆ ಹತ್ತು ಸಾವಿರ ಅಂದವನು ಲಾರಿ ಗೇಟಿಗೆ ಬಂದ ದಿನ ನಾಲ್ಕಕ್ಕೆ ಇಳಿದು, ಜತೆಗೆ ತುಳಸಿ ಕುಂಡವನ್ನೂ ಕರಿಬೇವಿನ ಗಿಡವನ್ನೂ ಕೈಮೇಲಿಡುತ್ತಾನೆ. ಗಿಡ ಬೇಡ ಅನ್ನಬೇಡಿ. ಫ್ರಿಜ್ ಕೆಟ್ಟ ಮೇಲೂ ಕರಿಬೇವು ಇರುತ್ತದೆ.

ಆದರೆ ಕಡಲ ಊರಿನ ಕಬ್ಬಿಣವನ್ನು ನಂಬಬೇಡಿ. ಲಾಸನ್ಸ್ ಬೇ ಕಾಲನಿ, ಪಾಂಡುರಂಗಪುರಂ ಕಡೆ ಸಂಜೆ ಬೀಸುವ ಗಾಳಿ ಎಷ್ಟು ಹಿತವೋ ಕಬ್ಬಿಣಕ್ಕೆ ಅಷ್ಟೇ ಕೇಡು. ಬೀರುವಿನ ಎದೆ ಬಣ್ಣ ಬಳಿದು ಫಳಫಳ ಎನ್ನುತ್ತಿರುತ್ತದೆ, ನೀವು ನೋಡಬೇಕಾದ್ದು ಅದರ ಪಾದ. ನೆಲಕ್ಕೆ ಕೂತು, ಮೊಬೈಲ್ ಟಾರ್ಚ್ ಹಾಕಿ, ತಳದ ತಗಡಿನ ಮೇಲೆ ಉಗುರಿನಿಂದ ಕೆರೆದರೆ ಬಿಸ್ಕತ್ತಿನ ಪುಡಿ ಉದುರಬಾರದು. ಬೀಗದ ಕೈ ಎರಡು ಇರಬೇಕು. ಒಳಗಿನ ಲಾಕರಿನ ಕೀಲಿ ಬೇರೆ ಕೇಳಬೇಕು. ಕೇಳದೆ ತಂದರೆ ಒಡವೆ ಇಡಲಾಗದ ಒಂದು ಕಬ್ಬಿಣದ ಗುಟ್ಟು ಮನೆಯಲ್ಲಿ ನಿಂತಿರುತ್ತದೆ. ಫ್ರಿಜ್ಜನ್ನು ಗೋಡೆಯಿಂದ ಎಳೆದು ಬೆನ್ನು ನೋಡಬೇಕು. ಮಾರುವವರು ಸ್ವಲ್ಪ ಮುಖ ಸಣ್ಣಗೆ ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ. ಹೆಣ್ಣು ನೋಡಲು ಹೋದವರು ಹಾಡಿಸಿ, ನಡೆಸಿ ನೋಡುತ್ತಿದ್ದ ಕಾಲದಲ್ಲಿ ಯಾರಿಗೂ ಬಾರದ ನಾಚಿಕೆ ಫ್ರಿಜ್ಜಿನ ಮುಂದೆ ಯಾಕೆ?

ಬೀರುವಿನ ಮಾತು ಬಂತಲ್ಲ, ನಮ್ಮ ಪಕ್ಕದ ಮನೆಯ ಮಾಸ್ತರರ ಕಥೆ ಹೇಳಿಬಿಡುತ್ತೇನೆ. ಅವರ ಶ್ರೀಮತಿಗೆ ದೊಡ್ಡ ಕನ್ನಡಿಯ ಬೀರುವಿನ ಮೇಲೆ ಮನಸ್ಸು. ಊರು ಬಿಡುತ್ತಿದ್ದ ಯಾರದೋ ಮನೆಯಲ್ಲಿ ಸಿಕ್ಕಿತು. ತಳ ಭದ್ರ, ಕೀಲಿ ಎರಡೂ ಇವೆ, ಬೆಲೆ ಅಗ್ಗ. ನಾಲ್ಕು ಹಮಾಲಿಗಳು ಎರಡನೇ ಮಹಡಿಗೆ ಹೊತ್ತು ತಂದರು. ಬಾಗಿಲಲ್ಲಿ ನಿಂತಿತು. ಅಡ್ಡ ಹಿಡಿದರು, ಓರೆ ಹಿಡಿದರು, ಕೊನೆಗೆ ಬಾಗಿಲ ರೆಕ್ಕೆ ಕಳಚಿದರು. ಎರಡು ಬೆರಳು ಹೆಚ್ಚು. ಹಮಾಲಿಗಳ ಹಿರಿಯ ಬೀಡಿ ಹಚ್ಚಿ, "ಮೀ ಇಷ್ಟಂ ಸಾರ್, ಗೋಡೆ ಒಡೆಯೋಣ ಅಂದ್ರೂ ಸರಿ" ಎಂದ. ಬಾಡಿಗೆ ಮನೆಯ ಗೋಡೆ! ಬೀರು ಮೆಟ್ಟಿಲ ಹತ್ತಿರದ ಪಡಸಾಲೆಯಲ್ಲೇ ನಿಂತಿತು. ಮಾಸ್ತರರು ಇರುವಷ್ಟು ಕಾಲ ಮೂರನೇ ಮಹಡಿಗೆ ಹೋಗುವವರೆಲ್ಲ ಅದರ ಕನ್ನಡಿಯಲ್ಲಿ ತಲೆ ಬಾಚಿಕೊಂಡು ಹೋದರು. ಆದ್ದರಿಂದ ಯಾರ ಮನೆಗೇ ಸಾಮಾನು ನೋಡಲು ಹೋಗಿ, ಕಿಸೆಯಲ್ಲಿ ಅಳತೆ ಟೇಪು ಇರಲಿ, ಅದಕ್ಕಿಂತ ಮುಂಚೆ ನಿಮ್ಮ ಮನೆ ಬಾಗಿಲಿನ ಅಳತೆ ಬರೆದುಕೊಂಡ ಚೀಟಿ ಇರಲಿ. ಲಿಫ್ಟು ಇದ್ದರೆ ಅದರದ್ದೂ.

ಮರದ ವಿಷಯ ಬೇರೆ. ಆ ಕರಾವಳಿಯಲ್ಲಿ ಮಾರುವವರೆಲ್ಲ ಹೇಳುವುದು ಒಂದೇ ಮಾತು: "ಬರ್ಮಾ ಟೇಕು ಸಾರ್." ನಂಬುವಂತೆಯೂ ಇದೆ. ಒಂದು ಕಾಲಕ್ಕೆ ಆ ಕಡೆಯ ಜನ ಹಡಗು ಹತ್ತಿ ರಂಗೂನಿಗೆ ದುಡಿಯಲು ಹೋಗುತ್ತಿದ್ದರು. 1960ರ ದಶಕದಲ್ಲಿ ಬರ್ಮಾ ಬಿಟ್ಟು ಬಂದವರಿಗೆ ಕಂಚರಪಾಲೆಂನಲ್ಲಿ ಮಾಡಿಕೊಟ್ಟ ನೆಲೆಗೆ ಇವತ್ತಿಗೂ ಬರ್ಮಾ ಕ್ಯಾಂಪ್ ಎಂದೇ ಹೆಸರು. ಆದರೂ ಊರಿನ ಕುರ್ಚಿಗಳೆಲ್ಲ ಬರ್ಮಾದವೇ ಆಗಿದ್ದರೆ ಆ ದೇಶದಲ್ಲಿ ಒಂದು ಮರವೂ ಉಳಿಯಬಾರದಿತ್ತು. ಕುರ್ಚಿಯನ್ನು ತಲೆಕೆಳಗು ಮಾಡಿ ನೋಡಿ. ಮೇಲ್ಗಡೆ ಪಾಲಿಶ್ ಮಾತಾಡುತ್ತದೆ, ಕೆಳಗಡೆ ಮರ ಮಾತಾಡುತ್ತದೆ. ಮೇಜಿನ ಡ್ರಾಯರನ್ನು ಪೂರ್ತಿ ಹೊರಗೆಳೆಯಿರಿ. ಮೂಲೆಯಲ್ಲಿ ಹಲಗೆಗೆ ಹಲಗೆ ಹಲ್ಲು ಕಚ್ಚಿ ಕೂತಿದ್ದರೆ ಕೈಕೆಲಸದ ಬಡಗಿ ಮಾಡಿದ್ದು, ಬರೀ ಮೊಳೆ ಹೊಡೆದಿದ್ದರೆ ಅವಸರದವನದು. ತಳಕ್ಕೆ ಪ್ಲೈವುಡ್ ಇದ್ದರೆ ಬರ್ಮಾದ ಮಾತು ಅಲ್ಲಿಗೇ ನಿಲ್ಲಿಸಿ. ಸಂದಿಯಿಂದ ಸಣ್ಣ ಹಿಟ್ಟು ಉದುರುತ್ತಿದೆಯೋ? ಕುಟ್ಟೆ ಹುಳು ನಿಮಗಿಂತ ಮುಂಚೆ ಬಂದು ವ್ಯಾಪಾರ ಕುದುರಿಸಿದೆ, ಬಿಟ್ಟುಬಿಡಿ. ಎಳೆದ ಡ್ರಾಯರನ್ನು ಬೋರಲು ಹಾಕಿ ಬೆನ್ನನ್ನೂ ನೋಡಿ. ನಾನು ನೋಡಿದ ಒಂದರ ಬೆನ್ನಿಗೆ ಪೆನ್ಸಿಲಿನಲ್ಲಿ ಬಡಗಿ ಕೂಲಿ ಲೆಕ್ಕ ಬರೆದಿಟ್ಟಿದ್ದ. ತೆಲುಗು ಅಂಕಿಗಳು, ಮಧ್ಯೆ ಯಾರಿಗೋ ಕೊಟ್ಟ ಎರಡು ರೂಪಾಯಿ ಸಾಲ. ಮೇಜು ಕೊಳ್ಳಲಿಲ್ಲ. ಆ ಸಾಲ ತೀರಿತೋ ಇಲ್ಲವೋ ಎಂಬ ಯೋಚನೆ ಮಾತ್ರ ನನ್ನ ಜತೆ ಮನೆಗೆ ಬಂತು.

ಮೇಜು ಕುರ್ಚಿ ಅಂದರೆ ವಿಶಾಖಪಟ್ಟಣ ಸಾಮಾನ್ಯದ ಊರಲ್ಲ. ಕಂಪನಿ ಸರಕಾರದ ಕಾಲದಲ್ಲಿ, 18ನೇ ಶತಮಾನದಲ್ಲಿ, ಅಲ್ಲಿನ ಕಂಸಾಲಿ ಕಸುಬಿನವರು ಬೀಟೆ, ತೇಗ, ಕರಿಮರಕ್ಕೆ ದಂತ ಕೂರಿಸಿ, ಗಂಧದ ಮರಕ್ಕೆ ದಂತದ ತಗಡು ಹೊದಿಸಿ, ತಗಡಿನ ಮೇಲೆ ಹೂಬಳ್ಳಿ ಕೊರೆದು, ಕೊರೆದ ಗೆರೆಗೆ ಕರಿ ಅರಗು ತುಂಬಿ ಪೆಟ್ಟಿಗೆ, ಕನ್ನಡಿಯ ಮೇಜು, ಕುರ್ಚಿ ಮಾಡುತ್ತಿದ್ದರು. ಮಾದರಿ ಇಂಗ್ಲೆಂಡಿನದು, ಕೈ ಇಲ್ಲಿನದು. ಲಂಡನ್ನಿನ ಹರಾಜುಗಳಲ್ಲಿ ಇವತ್ತಿಗೂ ಅವಕ್ಕೆ ಊರಿನ ಹಳೆಯ ಹೆಸರೇ ಕುಲನಾಮ: ವೈಜಾಗಪಟಂ ಕೆಲಸ. ಕಂಪನಿಯ ನೌಕರ ಇಲ್ಲಿ ಜ್ವರದಲ್ಲಿ ಸತ್ತರೆ ಅವನ ಸಾಮಾನನ್ನು ಪಟ್ಟಿ ಮಾಡಿ, ಉಳಿದ ದೊರೆಗಳ ಮುಂದೆ ಹರಾಜು ಹಾಕುತ್ತಿದ್ದರು. ಅವನ ಅಂಗಿ, ಅವನ ಮದ್ಯದ ಬಾಟಲಿ, ಅವನ ಕುದುರೆ, ಎಲ್ಲ. ಅಂಥ ಪಟ್ಟಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಈಗಲೂ ಇವೆ. ನಮ್ಮಕ್ಕನ ಮಗಳು ನ್ಯೂಜೆರ್ಸಿಯಲ್ಲಿ ಕಲಿತದ್ದನ್ನು ನಮ್ಮ ಕರಾವಳಿಯಲ್ಲಿ ಇನ್ನೂರೈವತ್ತು ವರ್ಷದ ಹಿಂದೆಯೇ ಮಾಡುತ್ತಿದ್ದರು ಎಂದಾಯಿತಲ್ಲ?

ಇದರಲ್ಲಿ ಒಂದು ಕಥೆ ನನಗೆ ಬಹಳ ಇಷ್ಟ. 1773ರಿಂದ 1775ರವರೆಗೆ ಮದರಾಸಿಗೆ ಗವರ್ನರ್ ಆಗಿದ್ದ ಅಲೆಕ್ಸಾಂಡರ್ ವಿಂಚ್ ಎಂಬಾತ ಊರಿಗೆ ಹೋಗುವಾಗ ದಂತದ ಕುರ್ಚಿ ಮೇಜುಗಳ ಒಂದು ಸಂಸಾರವನ್ನೇ ಒಯ್ದಿದ್ದ. ವಿಶಾಖಪಟ್ಟಣದ ಕೈ ಎಂದು ಬಲ್ಲವರು ಗುರುತಿಸುವ ಸಾಮಾನು ಅದು. 1781ರಲ್ಲಿ ಆತ ತೀರಿಕೊಂಡ, ಕ್ರಿಸ್ಟೀಸ್‌ನವರು ಮನೆ ಸಾಮಾನು ಹರಾಜಿಗಿಟ್ಟರು. ಕೊಂಡವನು ಯಾರು? ಇಂಗ್ಲೆಂಡಿನ ದೊರೆ ಮೂರನೇ ಜಾರ್ಜ್, ತನ್ನ ರಾಣಿ ಷಾರ್ಲೆಟ್‌ಗೆ ಉಡುಗೊರೆ ಕೊಡಲಿಕ್ಕೆ. ದೊರೆಯೇ ಸತ್ತವನ ಮನೆಯ ಕುರ್ಚಿ ತಂದು ಹೆಂಡತಿಗೆ ಕೊಟ್ಟ ಎಂದ ಮೇಲೆ ನೀವು ನಾವು ಸಂಕೋಚಪಡುವುದೇನಿದೆ? ಕಥೆ ಇಲ್ಲಿಗೆ ಮುಗಿಯುವುದಿಲ್ಲ. 1818ರಲ್ಲಿ ರಾಣಿ ಹೋದಳು. ತನ್ನ ಸ್ವಂತ ಸಾಮಾನನ್ನು ಕಿರಿಯ ಹೆಣ್ಣುಮಕ್ಕಳಿಗೆ ಬರೆದಿದ್ದಳು. ಮರುವರ್ಷ ಅದೂ ಕ್ರಿಸ್ಟೀಸ್‌ನವರ ಹರಾಜಿಗೆ ಬಂತು. ಅಮ್ಮನ ದಂತದ ಕುರ್ಚಿಗಳನ್ನು ಹರಾಜಿನಲ್ಲಿ ದುಡ್ಡು ಕೊಟ್ಟು ಬಿಡಿಸಿಕೊಂಡವನು ಹಿರಿಯ ಮಗ, ಮುಂದೆ ನಾಲ್ಕನೇ ಜಾರ್ಜ್ ಆದವನು. ಮನೆಯದೇ ಕುರ್ಚಿಯನ್ನು ಮಗನೇ ಕೊಂಡು ತರಬೇಕಾಯಿತು ನೋಡಿ. ಅಕ್ಕತಂಗಿಯರ ಹತ್ತಿರ ಒಂದು ಮಾತು ಕೇಳಿದ್ದರೆ ಆಗುತ್ತಿರಲಿಲ್ಲವೇ ಎಂದು ನಿಮಗೆ ಅನ್ನಿಸಿದರೆ ನಿಮ್ಮ ಮನೆಯಲ್ಲಿ ಇನ್ನೂ ಪಾಲು ಆಗಿಲ್ಲ ಎಂದರ್ಥ.

ಹಾಗೆಂದು ನೀವು ವಿಶಾಖಪಟ್ಟಣದ ಹಳೇ ಮನೆಯಲ್ಲಿ ದಂತದ ಪೆಟ್ಟಿಗೆ ಕಂಡು ಕೈ ಚಾಚೀರಿ, ಜೋಕೆ. ದಂತದ ವ್ಯಾಪಾರ ನಮ್ಮಲ್ಲಿ ಪೂರ್ತಿ ನಿಷೇಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಮಾಡಿ 1986ರಲ್ಲಿ ಇಲ್ಲಿನ ಆನೆಯ ದಂತಕ್ಕೆ, 1991ರಲ್ಲಿ ಆಫ್ರಿಕದ ದಂತಕ್ಕೆ ಬಾಗಿಲು ಮುಚ್ಚಿದರು. ಅಜ್ಜನ ಕಾಲದ್ದು, ಇನಾಮು ಬಂದದ್ದು ಎಂಬ ಕಥೆ ಅರಣ್ಯ ಇಲಾಖೆಯವರ ಮುಂದೆ ನಡೆಯುವುದಿಲ್ಲ. ಗೋಡೆಯ ಮೇಲಿನ ಜಿಂಕೆ ಕೊಂಬು, ಹುಲಿ ಚರ್ಮಕ್ಕೂ ಇದೇ ಮಾತು. ನೂರು ವರ್ಷ ದಾಟಿದ ವಿಗ್ರಹ, ಶಿಲ್ಪಗಳಿಗೆ ಬೇರೆ ಕಾಯ್ದೆ, ಅದೂ 1972ರದ್ದೇ. ಅವನ್ನು ದೇಶದಾಚೆ ಸಾಗಿಸುವಂತಿಲ್ಲ. ನಮ್ಮ ನ್ಯೂಜೆರ್ಸಿಯವಳು ಅಜ್ಜಿಯ ಕಂಚಿನ ಕೃಷ್ಣನನ್ನು ಸೂಟ್‌ಕೇಸಿನಲ್ಲಿ ಹಾಕಿಕೊಳ್ಳಲು ಹೊರಟಾಗ ಇದನ್ನೇ ಹೇಳಿ ತಡೆದೆ. ಕೃಷ್ಣ ಇಲ್ಲೇ ಉಳಿದ. ಬೆಣ್ಣೆಗೆ ನನ್ನ ಹೆಂಡತಿ ಇದ್ದಾಳೆ.

ಹರಾಜಿನ ಮಾತು ತೆಗೆದು ನಮ್ಮ ಶ್ರೀರಂಗಪಟ್ಟಣವನ್ನು ಬಿಟ್ಟರೆ ತಪ್ಪಾಗುತ್ತದೆ. 1799ರ ಮೇ 4ರಂದು ಟಿಪ್ಪು ಬಿದ್ದ ಮೇಲೆ ಅರಮನೆಯ ಸಾಮಾನು ಪಾಲು ಹಾಕಲೆಂದೇ ಕಂಪನಿ ಸೈನ್ಯದಲ್ಲಿ ಅಧಿಕಾರಿಗಳಿದ್ದರು. ಸಿಂಹಾಸನ ಇಡಿಯಾಗಿ ಯಾರ ಪಾಲಿಗೂ ಕೊಡಲಾಗದೆಂದು ಅದನ್ನು ಮುರಿದು ಚೂರು ಮಾಡಿದರು. ಅದರ ಅಂಚಿಗಿದ್ದ ರತ್ನಖಚಿತ ಹುಲಿಮುಖಗಳು ಯಾರ್‍ಯಾರದೋ ಮನೆ ಸೇರಿ, 2009ರಲ್ಲೊಂದು, 2010ರಲ್ಲೊಂದು ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿಗೆ ಬಂದವು. ಟಿಪ್ಪುವಿನ ಮಲಗುವ ಕೋಣೆಯ ಖಡ್ಗ ಅದೇ ಹರಾಜಿನಲ್ಲಿ 2023ರ ಮೇ ತಿಂಗಳಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು. ಇನ್ನೊಂದು ಖಡ್ಗದ ಸಂಗತಿ ನಿಮಗೆ ನೆನಪಿರಬೇಕು. ಲಂಡನ್ನಿನ ಹರಾಜಿನಲ್ಲಿ ಅದನ್ನು ಕೊಂಡದ್ದಾಗಿ ವಿಜಯ್ ಮಲ್ಯ 2004ರಲ್ಲಿ ಪ್ರಕಟಿಸಿದಾಗ ಬೆಂಗಳೂರಿನಲ್ಲಿ ಎಷ್ಟು ಸಂಭ್ರಮ! 2009ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಗಾಂಧೀಜಿಯ ಕನ್ನಡಕ, ಚಪ್ಪಲಿ, ಗಡಿಯಾರ, ಊಟದ ತಟ್ಟೆ ಬಟ್ಟಲನ್ನೂ 18 ಲಕ್ಷ ಡಾಲರ್ ಕೊಟ್ಟು ಬಿಡಿಸಿದವರು ಅವರೇ. ತನ್ನದೆಂದು ಏನೂ ಇಟ್ಟುಕೊಳ್ಳದ ಮುದುಕನ ತಟ್ಟೆಗೆ ಮದ್ಯದ ದೊರೆಯ ದುಡ್ಡು! ಮುಂದೇನಾಯಿತು? ಕೆಲವೇ ವರ್ಷದಲ್ಲಿ ಸಾಲ ಕೊಟ್ಟ ಬ್ಯಾಂಕುಗಳು ಮಲ್ಯರ ಗೋವಾ ಬಂಗಲೆಯನ್ನೇ ಹರಾಜಿಗಿಟ್ಟವು, ಮೊದಮೊದಲು ಕೂಗುವವರೇ ಇಲ್ಲ. ಖಡ್ಗ ಎಲ್ಲಿ ಅಂದರೆ, ಅದು ಮನೆಗೆ ಆಗಿಬರಲಿಲ್ಲವೆಂದು ಯಾರಿಗೋ ಕೊಟ್ಟುಬಿಟ್ಟಿದ್ದಾರೆಂದು 2018ರಲ್ಲಿ ಲಂಡನ್ನಿನ ಕೋರ್ಟಿನಲ್ಲಿ ಹೊರಬಿತ್ತು. ನಮ್ಮ ಹಳ್ಳಿಯ ಅಜ್ಜಿಯರು ಸತ್ತವರ ಕಬ್ಬಿಣ ಮನೆಗೆ ತರಬೇಡಿ ಎನ್ನುತ್ತಿದ್ದರು. ನಾವು ಕೇಳುತ್ತಿರಲಿಲ್ಲ.

ಎಲ್ಲಿಗೋ ಹೋದೆ. ವಿಜಯವಾಡಕ್ಕೆ ಹೋಗಬೇಕಿತ್ತು. ವಿಶಾಖಪಟ್ಟಣದಿಂದ ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿದರೆ 350 ಕಿಲೋಮೀಟರ್ ದಾರಿ. ಬ್ಯಾಂಕಿನವರು ನನ್ನನ್ನು ಅಲ್ಲಿಗೂ ಕಳಿಸಿದರು. ಸಮುದ್ರದ ಗಾಳಿ ಹೋಗಿ ಕೃಷ್ಣೆಯ ಸೆಕೆ ಬಂತು. ಅಲ್ಲಿ ಸಾಮಾನು ಮಾರಾಟಕ್ಕೆ ಬರುವ ಕಾರಣವೇ ಬೇರೆ. ಕೃಷ್ಣಾ ತೀರದ ಮನೆಗಳಲ್ಲಿ ಅಮೆರಿಕಕ್ಕೆ ಹೋಗದ ಮಗನನ್ನು ಹುಡುಕಬೇಕು. ಸತ್ಯನಾರಾಯಣಪುರಂ, ಸೂರ್ಯಾರಾವುಪೇಟೆಯ ಹಳೇ ಮನೆಯಲ್ಲಿ ತಂದೆ ಹೋದರು, ತಾಯಿಯೂ ಹೋದರು ಅನ್ನಿ. ಮಗ ಎರಡು ವಾರದ ರಜೆ ಹಾಕಿ ಬರುತ್ತಾನೆ. ಕರ್ಮಾಂತರಕ್ಕೇ ಬಹುಪಾಲು ದಿನ ಹೋದರೆ, ಬಿಲ್ಡರಿಗೆ ಮನೆ ಒಪ್ಪಿಸಲು ಉಳಿಯುವುದು ಬೆರಳೆಣಿಕೆಯ ದಿನ. ಆ ದಿನಗಳಲ್ಲಿ ಐವತ್ತು ವರ್ಷದ ಸಂಸಾರ ಅಂಗಳಕ್ಕೆ ಬರುತ್ತದೆ. ಹಿತ್ತಾಳೆಯ ಗಂಗಾಳ, ಪಂದಿರಿ ಮಂಚ, ಆವಕಾಯಿ ಹಾಕುತ್ತಿದ್ದ ಆಳೆತ್ತರದ ಜಾಡಿ, ಉಷಾ ಹೊಲಿಗೆ ಯಂತ್ರ, ಕಿವಿ ತಿರುಚಿದರೆ ಇನ್ನೂ ಓಡುವ ಎಚ್‌ಎಂಟಿ ವಾಚು. ಹಿತ್ತಾಳೆ ಕಿಲೋ ಲೆಕ್ಕದಲ್ಲಿ, ಮಂಚ ಮರದ ಲೆಕ್ಕದಲ್ಲಿ, ಬಾಗಿಲು ಕಿಟಕಿ ಹಳೇ ಮರದ ಅಂಗಡಿಗೆ. ಇದೇ ಮಗ ಅಲ್ಲಿ ಡಲ್ಲಾಸಿನಲ್ಲೋ ನಮ್ಮ ನ್ಯೂಜೆರ್ಸಿಯಲ್ಲೋ ಶನಿವಾರ ಸಾಲಿನಲ್ಲಿ ನಿಂತು ಯಾರದೋ ತಾಯಿಯ ಹಿತ್ತಾಳೆ ಕ್ಯಾಂಡಲ್ ಸ್ಟ್ಯಾಂಡಿಗೆ ಅರವತ್ತು ಡಾಲರ್ ಕೊಟ್ಟಿರುತ್ತಾನೆ. ತನ್ನ ತಾಯಿಯದು ಹಳೇ ಸಾಮಾನು, ಇನ್ನೊಬ್ಬರ ತಾಯಿಯದು ಆ್ಯಂಟಿಕ್. ಬೈಯಬೇಡಿ ಪಾಪ, ವಿಮಾನದಲ್ಲಿ ಇಪ್ಪತ್ಮೂರು ಕಿಲೋದ ಪೆಟ್ಟಿಗೆಗೆ ಗಂಗಾಳ ಹಿಡಿಯುವುದಿಲ್ಲ.

ಅಲ್ಲಿ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೆ. ಮೊದಲನೆಯದು, ಮರದ ಕಾಲು ನೋಡಿ. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ಸಿಂಗ್ ನಗರದ ಕಡೆ ಮನೆಗಳೊಳಗೆ ನೀರು ದಿನಗಟ್ಟಲೆ ನಿಂತಿತ್ತು. ನೆನೆದ ಸಾಮಾನು ಒಣಗಿ, ಪಾಲಿಶ್ ಹಾಕಿಸಿಕೊಂಡು ಪೇಟೆಗೆ ಬರದೆ ಇರುತ್ತದೆಯೇ? ಬೀರುವಿನ ಹಿಂಬದಿಯಲ್ಲಿ ನೇರವಾದ ಮಸುಕು ಗೆರೆಯೊಂದು ಕಂಡರೆ ನೀರು ಎಲ್ಲಿಯವರೆಗೆ ಬಂದಿತ್ತೆಂದು ಅದೇ ಹೇಳುತ್ತದೆ. ಬಾಗಿಲು ತೆರೆದು ಮೂಗನ್ನು ಒಳಗಿಡಿ, ಮುಗ್ಗಲು ವಾಸನೆಯನ್ನು ಯಾವ ಪಾಲಿಶ್‌ ಕೂಡ ಮುಚ್ಚಲಾರದು. ಎರಡನೆಯದು, ಜಾಡಿಯನ್ನು ಬೆರಳ ಗೆಣ್ಣಿನಿಂದ ಬಡಿಯಿರಿ. ಖಣ್ ಎಂದರೆ ತನ್ನಿ, ಟೊಪ್ ಎಂದರೆ ಎಲ್ಲೋ ಕೂದಲೆಳೆಯ ಬಿರುಕಿದೆ, ಎಣ್ಣೆ ಸೋರಿ ಉಪ್ಪಿನಕಾಯಿ ಬೂಸಲು ಹಿಡಿಯುತ್ತದೆ. ಹಿತ್ತಾಳೆ ಪಾತ್ರೆಯ ಹೊರಗಿನ ಹೊಳಪಿಗಿಂತ ಒಳಗಿನ ಕಲಾಯಿ ಮುಖ್ಯ. ಕಲಾಯಿ ಹಾಕುವವರು ನಿಮ್ಮೂರಿನಲ್ಲಿ ಉಳಿದಿದ್ದಾರೆಯೇ ಎಂದು ವಿಚಾರಿಸಿ ಆಮೇಲೆ ಬೆಲೆ ಕೇಳಿ. ಬೇಕಾದ್ದರ ಬೆಲೆಯನ್ನು ಎಲ್ಲಕ್ಕಿಂತ ಕೊನೆಗೆ ಕೇಳಬೇಕು, ಅದೂ ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತಾ. ಅವರು "ಮೀ ಇಷ್ಟಂ" ಅಂದರೆ ಮಾತ್ರ ಹುಷಾರು. ಬೆಲೆ ಹೇಳಿದವನ ಹತ್ತಿರ ಚೌಕಾಸಿ ಮಾಡಬಹುದು, ನಿಮ್ಮಿಷ್ಟ ಅಂದವನ ಹತ್ತಿರ ನಿಮ್ಮ ಜತೆ ನೀವೇ ಚೌಕಾಸಿ ಮಾಡಿ ಸೋಲಬೇಕು.

ಕೊಂಡಪಲ್ಲಿ ಅಲ್ಲಿಂದ ಕೂಗಳತೆ. ಹಗುರ ಮರದ ಆ ಬಣ್ಣದ ಗೊಂಬೆಗಳಿಲ್ಲದ ಹಳೇ ಮನೆ ವಿಜಯವಾಡದಲ್ಲಿ ಅಪರೂಪ. ನಮಗೆ ದಸರಾ ಗೊಂಬೆ, ಅವರಲ್ಲಿ ಸಂಕ್ರಾಂತಿಗೂ ಕೊಲುವು ಕೂರಿಸುತ್ತಾರೆ. ಒಂದು ಮನೆಯಲ್ಲಿ ದಶಾವತಾರದ ಪೆಟ್ಟಿಗೆ ಮಾರಾಟಕ್ಕಿತ್ತು. ನನ್ನ ಹೆಂಡತಿ ಚೌಕಾಸಿಗೆ ಮುಂಚೆ ಎಣಿಸಿದಳು, ಒಂಬತ್ತೇ ಇದ್ದವು. ವಾಮನ ಇಲ್ಲ. "ಅಮ್ಮ ಗಾರು, ಚಿಕ್ಕವನಲ್ಲವಾ, ಎಲ್ಲೋ ಸಂದಿಗೆ ಬಿದ್ದಿರುತ್ತಾನೆ" ಎಂದು ಮನೆ ನೋಡಿಕೊಳ್ಳುತ್ತಿದ್ದ ಮುದುಕಪ್ಪ ಸಮಾಧಾನ ಹೇಳಿದ. ಇವಳು ಬಿಡುತ್ತಾಳೆಯೇ, "ಮೂರು ಹೆಜ್ಜೇಲಿ ಮೂರು ಲೋಕ ಅಳೆದೋನು ಸಂದಿಗೆ ಯಾಕ್ರೀ ಬೀಳ್ತಾನೆ?" ಎಂದು ಹತ್ತರಲ್ಲಿ ಒಂದು ಪಾಲು ಬೆಲೆ ಮುರಿಸಿದಳು. ಈಗ ನಮ್ಮಲ್ಲಿ ವಾಮನನ ಜಾಗದಲ್ಲಿ ಚನ್ನಪಟ್ಟಣದ ಒಬ್ಬ ಪೊಲೀಸಿನವನು ನಿಂತಿದ್ದಾನೆ. ಬಲಿಯ ತಲೆ ಮೇಲೆ ಕಾಲಿಡಲು ಅವನೇನು ಕಡಿಮೆ?

ಪುಸ್ತಕಗಳ ಗತಿಯೂ ಹೇಳಬೇಕು. ವಿಜಯವಾಡದ ಲೆನಿನ್ ಸೆಂಟರಿನಲ್ಲಿ ಹಳೇ ಪುಸ್ತಕದ ಮಳಿಗೆಗಳಿವೆ, ತೆಲುಗು ದೇಶದ ಓದುಗರಿಗೆ ಅದು ಯಾತ್ರಾಸ್ಥಳ. ಇಂಜಿನಿಯರಿಂಗ್ ಗೈಡುಗಳ ಬೆಟ್ಟದ ನಡುವೆ ಯಾರದೋ ತೀರಿಹೋದ ವಕೀಲರ, ಲೆಕ್ಚರರ ಕಪಾಟು ಇಡಿಯಾಗಿ ಬಂದಿಳಿದಿರುತ್ತದೆ. ಮೊದಲ ಪುಟದಲ್ಲಿ ಹೆಸರು, ಊರು, ತಾರೀಕು, ಕೆಲವು ಕಡೆ "ಪ್ರೀತಿಯ ಶಿಷ್ಯನಿಗೆ" ಎಂಬ ಒಕ್ಕಣೆ. ಆ ಶಿಷ್ಯನೇ ಮಾರಿದನೋ, ಶಿಷ್ಯನ ಮೊಮ್ಮಗನೋ? ಹಳೇ ಪುಸ್ತಕವನ್ನು ಬೆನ್ನು ಹಿಡಿದು ಒಮ್ಮೆ ಒದರಿ ನೋಡಬೇಕು. ಸಿನಿಮಾ ಟಿಕೆಟ್ಟು, ಒಣಗಿದ ಹೂವು, ಧೋಬಿ ಲೆಕ್ಕ, ಅದೃಷ್ಟವಿದ್ದರೆ ನೋಟು. ನನಗೊಮ್ಮೆ ತೆಲುಗು ರಾಶಿಯಲ್ಲಿ ಕನ್ನಡ ಪಂಚಾಂಗ ಸಿಕ್ಕಿತು. ಆ ಊರಿಗೆ ಕನ್ನಡ ಪಂಚಾಂಗ ಎಲ್ಲಿಂದ ಅಂದಿರಾ? ಉಡುಪಿಯಿಂದ ಹೋಟೆಲಿಡಲು ಹೋದವರು ಕಾಲಿಡದ ಊರು ಯಾವುದಿದೆ? ಏಕಾದಶಿ, ಪ್ರದೋಷಗಳ ಅಂಚಿನಲ್ಲಿ ಹಾಲು ಎಷ್ಟು ಸೇರು, ಉದ್ದು ಎಷ್ಟು, ಸೌದೆಯವನಿಗೆ ಬಾಕಿ ಎಷ್ಟು ಎಂದು ಸಣ್ಣಕ್ಷರದ ಲೆಕ್ಕ. ರಾಹುಕಾಲದ ಪಕ್ಕ ಮಾತ್ರ ಏನೂ ಬರೆದಿರಲಿಲ್ಲ. ಆ ಹೊತ್ತಿನಲ್ಲಿ ಹೋಟೆಲು ಭರ್ತಿ ಇದ್ದಿರಬೇಕು. ಅಂಗಡಿಯವ ಅದಕ್ಕೆ ದುಡ್ಡೇ ತೆಗೆದುಕೊಳ್ಳಲಿಲ್ಲ, ಕಳೆದ ವರ್ಷದ ಪಂಚಾಂಗಕ್ಕೇ ಬೆಲೆ ಇಲ್ಲ ಎಂದ ಮೇಲೆ ಅದು ನನ್ನಷ್ಟೇ ವಯಸ್ಸಿನದು.

ಇಷ್ಟೆಲ್ಲ ಕೊಂಡದ್ದನ್ನು ಬೆಂಗಳೂರಿನ ಫ್ಲಾಟಿನಲ್ಲಿ ಎಲ್ಲಿಟ್ಟಿರಿ ಅಂತೀರಾ? ಅದನ್ನೇ ಮೊನ್ನೆ ಅಕ್ಕನ ಮಗಳೂ ಕೇಳಿದಳು. ಕೇಳಿದ್ದು ಸರಿಯೇ. ಮುಂದೊಂದು ದಿನ ರಜೆ ಹಾಕಿ ಬಂದು ಇದನ್ನೆಲ್ಲ ಅಂಗಳಕ್ಕೆ ತೆಗೆಯಬೇಕಾದವರು ಅವಳ ತಲೆಮಾರಿನವರೇ ತಾನೆ. ಫ್ಲಾಟಿಗೆ ಅಂಗಳವೂ ಇಲ್ಲ, ಪಾರ್ಕಿಂಗ್‌ನಲ್ಲಿ ಹರವಬೇಕು, ಅದಕ್ಕೆ ಅಸೋಸಿಯೇಷನ್ನಿನವರ ಪರವಾನಗಿ ಬೇಕು. ಯಾವುದಕ್ಕೆ ಎಷ್ಟು ಬೆಲೆ ಎಂದು ಈಗಲೇ ಚೀಟಿ ಅಂಟಿಸಿಟ್ಟರೆ ಅವರಿಗೆ ಸುಲಭ ಅಲ್ಲವೇ ಎಂದು ಹೆಂಡತಿಯನ್ನು ಕೇಳಿದೆ. ಜಾಡಿಗೆ ಇಷ್ಟು, ಪೊಲೀಸಿನವನ ಸಮೇತ ದಶಾವತಾರಕ್ಕೆ ಇಷ್ಟು ಎಂದು ಅವಳು ಚಕಚಕನೆ ಹೇಳಿದಳು. "ನನ್ನ ಆರಾಮ ಕುರ್ಚಿಗೆ?" ಅಂದೆ.

"ಕುರ್ಚಿಗೆ ಗಿರಾಕಿ ಸಿಗ್ತಾರೆ. ಅದರಲ್ಲಿ ಕೂತೋರನ್ನ ಎಬ್ಬಿಸೋದೇ ಕಷ್ಟ. ಏಳಿ, ಸ್ನಾನಕ್ಕೆ ನೀರು ಕಾದಿದೆ."